ಬಾನೆಟ್ಟಿನ ಆಚೆ ಹದಿನೇಳರ ಮಗ್ಗಿ

ಮೊದಲೇ ಹೇಳಿಬಿಡುತ್ತೇನೆ, ಇದು ಕಟ್ಟುಕಥೆಯಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ಬಂದವಳು ನಾನು. ಸಹಿ ತಾಳೆಯಾಗದಿದ್ದರೆ ಓಣಿಯವರನ್ನೂ ಹಿಂದಕ್ಕೆ ಕಳಿಸಿದವಳು. ಕಣ್ಣಾರೆ ಕಾಣದ್ದನ್ನು, ಕಿವಿಯಾರೆ ಕೇಳದ್ದನ್ನು ಹೇಳುವ ಚಟ ನನಗಿಲ್ಲ. ಮನೆಗೆ ಬಂದು ದೆವ್ವದ ಸುದ್ದಿ ತೆಗೆದವರಿಗೆ ಚಹಾ ಕೊಟ್ಟು, ‘ಸಾಕು, ಇನ್ನ ನಡೀರಿ’ ಎಂದು ಎಬ್ಬಿಸಿದ್ದೂ ಉಂಟು.

ಮಧ್ಯರಾತ್ರಿ, ಅಮಾವಾಸ್ಯೆ, ಊಳಿಡುವ ನಾಯಿ... ಅಂಥದ್ದೇನೂ ಇದರಲ್ಲಿ ಇಲ್ಲ. ಕಾರ್ತಿಕದ ಒಂದು ದಿನ ಕತ್ತಲಾದ ಮೇಲೆ, ಏಳು ಗಂಟೆಯಿಂದ ಎಂಟೂಕಾಲರೊಳಗೆ ನಡೆದದ್ದು. ಜನ ಟೀವಿಯ ಮುಂದೆ ರೊಟ್ಟಿ ಮುರಿಯುತ್ತ ಕೂತಿರುವ ಹೊತ್ತು. ನಮ್ಮವರು ಸತ್ತೂರಿನ ಹತ್ತಿರದ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದರು. ನಾನು ನವನಗರದ ಮನೆಯಿಂದ ಅವರ ಹತ್ತಿರ ಹೊರಟಿದ್ದೆ. ದಾರಿ ಹೆಚ್ಚೇನೂ ಇಲ್ಲ. ಬೇಗ ತಲುಪಬೇಕಿತ್ತು, ಅಷ್ಟೇ.

ನಮ್ಮವರ ಬಗ್ಗೆ ಹೇಳದೆ ಗಾಡಿಯ ಬಗ್ಗೆ ಹೇಳಲಾಗುವುದಿಲ್ಲ. ಅವರು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರು. ಧಾರವಾಡದ ಎಷ್ಟೋ ವಕೀಲರು, ಡಾಕ್ಟರರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಮಗ್ಗಿ ಕಲಿತವರು. ನಮಗೆ ಮಕ್ಕಳಾಗಲಿಲ್ಲ. ನಿವೃತ್ತರಾದ ಮೇಲೆ ತಿದ್ದಲು ಶಾಲೆಯ ಮಕ್ಕಳೂ ಇಲ್ಲವಾದರು. ಆಗ ಅಂಗಳದಲ್ಲಿದ್ದ ಬಿಳಿ ಕಾರಿನ ಬೆನ್ನು ಹತ್ತಿದರು. ಇಪ್ಪತ್ತಾರು ವರ್ಷದ ಮುದಿ ಡೀಸೆಲ್ ಗಾಡಿ. ‘ನನಗ ಸವತಿ ಇಲ್ಲಂತ ಯಾರಂದ್ರು? ಅಕಿ ನೋಡ್ರಿ, ಅಂಗಳದಾಗ ನಿಂತಾಳ’ ಎಂದು ಬಂದವರಿಗೆಲ್ಲ ನಾನು ತೋರಿಸುತ್ತಿದ್ದೆ.

ಸವತಿಗೆ ಒಂದೇ ರೋಗ. ರೇಡಿಯೇಟರಿನಿಂದ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸ್ ಸೋರುವುದು. ಅಂಗಳದ ಫರಸಿ ಕಲ್ಲಿನ ಮೇಲೆ ಬೆಳಿಗ್ಗೆ ಎದ್ದರೆ ಹಸಿರು ಹನಿಗಳು. ಕೂಲಂಟ್ ಅನ್ನುವ ಆ ಹಸಿರು ನೀರಿನ ವಾಸನೆ ನಿಮಗೆ ಗೊತ್ತಿರಬಹುದು. ಒಲೆಯ ಮೇಲೆ ಬೆಲ್ಲದ ಪಾಕ ಮರೆತು ಸೀದಾಗ ಬರುವಂಥ ಸಿಹಿ ವಾಸನೆ. ನಮ್ಮ ಮನೆಯಲ್ಲಿ ಅಡುಗೆಮನೆಗಿಂತ ಅಂಗಳದಲ್ಲೇ ಆ ವಾಸನೆ ಹೆಚ್ಚು.

ಭಾನುವಾರ ಬಂತೆಂದರೆ ಅವರು ತೋಳು ಮಡಚಿ ನಿಲ್ಲುವರು. ಹೋಸಿನ ತುದಿ ಎಲ್ಲಿ ಸೀಳಿದೆಯೋ ಅಲ್ಲಿಗೆ ಒಂದು ಬೆರಳಗಲ ಕತ್ತರಿಸಿ, ಉಳಿದದ್ದನ್ನು ಮತ್ತೆ ಕೊಳವೆಯ ಬಾಯಿಗೆ ತುರುಕಿ, ಕ್ಲಿಪ್ಪು ಬಿಗಿದು, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವರು. ಹತ್ತು ದಿನ ಸುಮ್ಮನಿರುತ್ತಿತ್ತು. ಹನ್ನೊಂದನೆಯ ದಿನ ಮತ್ತೆ ಹಸಿರು ಹನಿ. ಹೊಸ ಹೋಸ್ ಹಾಕಿಸಿರಿ ಎಂದರೆ ಕೇಳುವವರಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಈ ರಿಪೇರಿಯಲ್ಲಿ ನನ್ನ ಕೆಲಸ ಡ್ರೈವರ್ ಸೀಟಿನಲ್ಲಿ ಕೂರುವುದು. ಎದುರಿಗೆ ಬಾನೆಟ್ಟು ಎತ್ತಿರುತ್ತಿತ್ತು, ಅವರು ಅದರ ಆಚೆ. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ‘ಚಾಲೂ ಮಾಡು.’ ‘ರೇಸ್ ಕೊಡು.’ ‘ಸಾಕು, ಬಂದ್ ಮಾಡು.’ ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಎದುರುಬದುರು ಕೂತು ಆಡಿದ ಮಾತಿಗಿಂತ, ಆ ಬಾನೆಟ್ಟು ನಡುವೆ ಇಟ್ಟುಕೊಂಡು ಆಡಿದ್ದೇ ಹೆಚ್ಚೇನೋ ಅನ್ನಿಸುತ್ತದೆ. ಆಗ ಬೇಜಾರಾಗುತ್ತಿತ್ತು.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳ ತೆಗೆದು ಅವರು ಒಮ್ಮೆ ಮುಂಗೈ ಸುಟ್ಟುಕೊಂಡಿದ್ದರು. ಆಮೇಲೆ ಮಾಸ್ತರರ ಪದ್ಧತಿಯಲ್ಲೇ ಒಂದು ನಿಯಮ ಮಾಡಿದರು. ಗಾಡಿ ಕಾದು ನಿಂತರೆ ಗಡಿಯಾರ ನೋಡುವಂತಿಲ್ಲ.

‘ಗಡಿಯಾರ ನೋಡಿದ್ರ ಮನಸ ಅವಸರ ಮಾಡತೈತಿ, ಗಿರಿಜಾ. ಎರಡರಿಂದ ಇಪ್ಪತ್ತರ ಮಟಾ ಮಗ್ಗಿ ಹೇಳು, ಸಾವಕಾಶ, ಉಸಿರು ತಗೊಂಡು. ಅಷ್ಟರಾಗ ಅದು ತಣ್ಣಗಾಗತೈತಿ. ನಡುವ ತಪ್ಪಿದ್ರ ಮೊದಲಿಂದ.’

ಒಂದು ಸುತ್ತಿಗೆ ಕಾಲು ತಾಸು. ನಾನು ಒಳಗೆ ಕೂತು ಹೇಳಬೇಕು, ಅವರು ಹೊರಗೆ ನಟ್ಟು ಬಿಗಿಯುವ ಪಾನಾ ಒರೆಸುತ್ತ ಕೇಳಬೇಕು. ಹದಿನೇಳರ ಮಗ್ಗಿಯಲ್ಲಿ ನಾನು ಎಡವುವುದು ಇಬ್ಬರಿಗೂ ಗೊತ್ತು. ಹದಿನೇಳೇಳ್ಲೆ ಅನ್ನುತ್ತಲೇ ಬಾಯಿಗೆ ‘ನೂರಾ ಹದಿನೇಳು’ ಬರುತ್ತದೆ. ಸಣ್ಣವಳಿದ್ದಾಗಿನಿಂದ ಹಾಗೆಯೇ. ಕೌಂಟರಿನಲ್ಲಿ ಕ್ಯಾಲ್ಕುಲೇಟರ್ ಇತ್ತು, ಮರ್ಯಾದೆ ಉಳಿದಿತ್ತು. ಬಾನೆಟ್ಟಿನ ಆಚೆಯಿಂದ ಮಾತ್ರ ದನಿ ಬರುತ್ತಿತ್ತು, ‘ನೂರಾ ಹತ್ತೊಂಬತ್ತು. ಮೊದಲಿಂದ ಹೇಳು.’

ಕಡೆಗೆ ಆ ಸೋರುವಿಕೆಗೆ ಮದ್ದು ಕಂಡುಹಿಡಿದವರು ನಮ್ಮ ಗಾಡಿ ರಿಪೇರಿಯ ಮಿಸ್ತ್ರಿ. ದಸರೆಗೆ ಮುಂಚೆ ಒಂದು ದಿನ ಗಾಡಿ ನೋಡಿ ಅವರು ನಕ್ಕರು.

‘ಮಾಸ್ತರ, ಸಿಟ್ಟಾಗಬ್ಯಾಡ್ರಿ. ಇದು ಸೋರೂದು ಪೈಪಿನ ತಪ್ಪಲ್ಲ, ನಿಮ್ಮ ಕೈ ತಪ್ಪು. ಒಡದಾಗೊಮ್ಮೆ ತುದಿ ಕತ್ತರಿಸಿ ಹಾಕೀರಿ. ಪೈಪ್ ಗಿಡ್ಡ ಆಗೇತಿ. ಇಂಜಿನ್ ಅಳ್ಳಾಡಿದಾಗ ಜಗ್ಗತೈತಿ, ಮತ್ತ ಬಾಯಿ ಬಿಡತೈತಿ. ಬೋರಿನ ನೀರು ಹಾಕಿ ಹಾಕಿ ಈ ಕೊಳವಿ ಬಾಯಿನೂ ತಿಂದೈತಿ ನೋಡ್ರಿ.’

‘ಹಂಗಾರ ಇಷ್ಟು ದಿನ ನಾ ಮಾಡಿದ್ದು?’ ಎಂದು ನಮ್ಮವರು ಕೇಳಿದರು.

‘ದುರಸ್ತಿ ಮಾಡಿ ಮಾಡಿ ಕೆಡಿಸೀರಿ.’

ಇಡೀ ಊರಿನ ತಪ್ಪು ತಿದ್ದಿದ ಮಾಸ್ತರರ ಮುಖ ಆಗ ನೋಡಬೇಕಿತ್ತು. ನಾನು ಒಳಗೆ ಹೋಗಿ ನಕ್ಕು ಬಂದೆ. ಮಿಸ್ತ್ರಿ ಹುಬ್ಬಳ್ಳಿಯಿಂದ ಸರಿಯಳತೆಯ ಹೊಸ ಹೋಸ್ ತರಿಸಿದರು. ಕೊಳವೆಯ ಬಾಯಿಗೆ ಪಾಲಿಶ್ ಕಾಗದ ತಿಕ್ಕಿ ನುಣ್ಣಗೆ ಮಾಡಿದರು, ಹೊಸ ಕ್ಲಿಪ್ಪು ಹಾಕಿ ಕೂಲಂಟ್ ತುಂಬಿದರು. ಅಂಗಳದ ಫರಸಿ ಒಣಗಿತು. ಒಂದು ತಿಂಗಳು ದಾಟಿದರೂ ಒಂದು ಹನಿ ಬೀಳಲಿಲ್ಲ. ನಮ್ಮವರು ದಿನಾ ಬೆಳಿಗ್ಗೆ ಬಗ್ಗಿ ನೋಡಿ, ಸ್ವಲ್ಪ ನಿರಾಸೆಯಿಂದಲೇ ಒಳಗೆ ಬರುತ್ತಿದ್ದರು.

ದೀಪಾವಳಿ ಮುಗಿದ ವಾರಕ್ಕೆ ಜ್ವರ ಬಂತು. ಕೆಮ್ಮು. ನಾಲ್ಕು ದಿನ ಕಷಾಯ ಕುಡಿದು ಹಟ ಹಿಡಿದರು. ಐದನೆಯ ದಿನ ಉಸಿರು ಸಿಗದೆ ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ ಎರಡೂ ಕಡೆ ಹಬ್ಬಿದೆ ಎಂದರು. ಐಸಿಯುನಲ್ಲಿ ಆರು ದಿನ. ಹೊರಗಿನ ಬೆಂಚಿನ ಮೇಲೆ ನಾನು ಮತ್ತು ನನ್ನ ನಾದಿನಿ ಶಕುಂತಲಾ, ಅವರ ತಂಗಿ.

ಆರನೆಯ ದಿನ ಬೆಳಿಗ್ಗೆ ಒಳಗೆ ಬಿಟ್ಟಾಗ ಅವರು ಕಣ್ಣು ತೆರೆದಿದ್ದರು. ಮಾಸ್ಕು ಸರಿಸಿ ಮಾತಾಡಿದರು. ಡಾಕ್ಟರು ಕೂಡ, ಇವತ್ತು ಸ್ವಲ್ಪ ಛಲೋ ಅದಾರ, ನಾಳೆ ನಾಡಿದ್ದರಾಗ ವಾರ್ಡಿಗೆ ಕಳಸೂನು ಎಂದಿದ್ದರು.

‘ಗಾಡಿ ಹೆಂಗೈತಿ?’ ಎಂಬುದು ಅವರು ಕೇಳಿದ ಮೊದಲ ಮಾತು.

‘ನಾ ಹೆಂಗದೇನಿ ಅಂತ ಕೇಳ್ರಿ ಮೊದಲ.’

ಅವರು ನಕ್ಕರು. ನಗುವುದಕ್ಕೂ ಉಸಿರು ಸಾಲಲಿಲ್ಲ. ‘ಗಾಡಿ ತಂದಿಡು ಗಿರಿಜಾ. ಮನಿಗೆ ಹೋಗೂದಂದ್ರ ಅದರಾಗನ ಹೋಗೂನು. ಆ್ಯಂಬುಲೆನ್ಸು ಬ್ಯಾಡ.’

ಇದಕ್ಕೇ ನಾನು ಗಾಡಿ ತರಲು ಹೋದದ್ದು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬಂದಿದ್ದರೆ... ಅದನ್ನು ಸಾವಿರ ಸಲ ಅಂದುಕೊಂಡಿದ್ದೇನೆ, ಬಿಡಿ.

ಸಂಜೆ ಐದಕ್ಕೆ ಮನೆಗೆ ಬಂದೆ. ನನ್ನ ಫೋನು ಶಕುಂತಲಾಳ ಕೈಯಲ್ಲಿ ಬಿಟ್ಟು ಬಂದಿದ್ದೆ, ಔಷಧಿ ಬೇಕಾದರೆ ಐಸಿಯುನವರು ಕರೆಯುತ್ತಿದ್ದದ್ದು ಅದೇ ನಂಬರಿಗೆ. ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಅವರ ಒಗೆದ ಅಂಗಿ, ಶಾಲು, ಎರಡು ಪಂಜೆ ಕಟ್ಟಿಕೊಂಡೆ. ದೇವರ ಮುಂದೆ ದೀಪ ಹಚ್ಚಿ, ಏಳಕ್ಕೆ ಗಾಡಿ ತೆಗೆದೆ.

ಹುಬ್ಬಳ್ಳಿ ಧಾರವಾಡದ ದೊಡ್ಡ ರಸ್ತೆಗೆ ನಾನು ಹೋಗಲಿಲ್ಲ. ಹಳೇ ಗಾಡಿ ಆ ಲಾರಿಗಳ ನಡುವೆ ನಿಂತುಬಿಟ್ಟರೆ ಹಾರ್ನು ಹೊಡೆದು ಕೊಲ್ಲುತ್ತಾರೆ. ಅದಕ್ಕೇ ನಮ್ಮವರು ಯಾವಾಗಲೂ ಹಿಂದಿನ ದಾರಿ ಹಿಡಿಯುತ್ತಿದ್ದರು. ಹೊಸದಾಗಿ ಬಿದ್ದ ಲೇಔಟುಗಳ ನಡುವಿನ ರಸ್ತೆ. ಡಾಂಬರು ಇದೆ, ಕಂಬಗಳಿವೆ, ದೀಪ ಇನ್ನೂ ಬಂದಿಲ್ಲ. ಎರಡೂ ಕಡೆ ಪ್ಲಾಟಿನ ಕಲ್ಲುಗಳು, ಜಾಲಿಗಿಡ, ನಡುನಡುವೆ ಯಾರೋ ಇನ್ನೂ ಬಿತ್ತುತ್ತಿರುವ ಜೋಳದ ಹೊಲ. ಮನೆ ಒಂದೂ ಇಲ್ಲ.

ಅರ್ಧ ದಾರಿ ಬಂದಿರಬೇಕು. ಮೊದಲು ಬಂದದ್ದು ವಾಸನೆ. ಸೀದ ಬೆಲ್ಲದ ವಾಸನೆ...

ಕಾವಿನ ಮುಳ್ಳು ನೋಡಿದೆ. ಕೆಂಪು ಗೆರೆ ದಾಟಿ ನಿಂತಿತ್ತು. ಬಾನೆಟ್ಟಿನ ಅಂಚಿನಿಂದ ಬಿಳಿ ಉಗಿ ಎದ್ದು ಗಾಜಿನ ಮೇಲೆ ಹರಡಿತು. ಒಳಗೆ ಸುಂಯ್ ಎಂಬ ಸದ್ದು. ಗಾಡಿಯನ್ನು ಪಕ್ಕಕ್ಕೆ ತೆಗೆದು ಬಂದ್ ಮಾಡಿದೆ.

ಬ್ಯಾಟರಿ ದೀಪ ಹಚ್ಚಿ ಹಿಡಿದು ಇಳಿದೆ. ಬಟ್ಟೆ ಹಿಡಿದು ಬಾನೆಟ್ಟು ಎತ್ತಿ, ಕಡ್ಡಿ ಕೊಟ್ಟು ನಿಲ್ಲಿಸಿದೆ. ಉಗಿ ಮುಖಕ್ಕೆ ಹೊಡೆಯಿತು, ಏನೂ ಕಾಣಲಿಲ್ಲ. ನಮ್ಮವರು ಮಾಡುತ್ತಿದ್ದ ಹಾಗೆ ಬಾನೆಟ್ಟಿನ ಕೊಂಡಿಗೆ ಬ್ಯಾಟರಿ ತೂಗುಹಾಕಿದೆ. ಹೊಲಗಳ ಆಚೆ ದೂರದಲ್ಲಿ ಆಸ್ಪತ್ರೆಯ ದೀಪಗಳು ಕಾಣುತ್ತಿದ್ದವು. ಎರಡು ಮೈಲಿ ಇರಬಹುದು. ನಡೆದೇ ಹೋಗಲೇ ಎಂದು ಒಮ್ಮೆ ಅನ್ನಿಸಿತು. ಮೊಣಕಾಲು ನೋವು, ಕತ್ತಲು. ಮೇಲಾಗಿ ಅವರಿಗೇನು ಅವಸರ, ಬೆಳಿಗ್ಗೆ ತಾನೇ ನಕ್ಕು ಮಾತಾಡಿದ್ದಾರೆ ಅಂದುಕೊಂಡೆ. ಗಾಡಿ ತಂದಿಡು ಎಂದಿದ್ದಾರೆ, ತಂದೇ ಇಡಬೇಕು.

ಸೀಟಿಗೆ ಬಂದು ಕೂತೆ. ಬಾಗಿಲು ತೆರೆದೇ ಇತ್ತು. ಎದುರಿಗೆ ಎತ್ತಿದ ಬಾನೆಟ್ಟು, ಅದರ ಕೆಳಗಿನ ಸಂದಿಯಿಂದ ಒಂದು ಗೆರೆ ಬೆಳಕು. ಕಣ್ಣು ಮುಚ್ಚಿ ಶುರು ಮಾಡಿದೆ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು...

ಎಂಟರ ಮಗ್ಗಿಯ ಹೊತ್ತಿಗೆ ಉಗಿಯ ಸದ್ದು ನಿಂತಿತು. ಜೀರುಂಡೆ ಮಾತ್ರ. ಹನ್ನೆರಡರಲ್ಲಿದ್ದಾಗ ಎದುರಿಗೆ ‘ಟಿಣ್’ ಎಂದಿತು. ಕಬ್ಬಿಣದ ಮೇಲೆ ಪಾನಾ ಇಟ್ಟ ಸದ್ದು. ಕಾದ ಇಂಜಿನ್ನು ತಣ್ಣಗಾಗುವಾಗ ಹಾಗೆ ಟಿಣ್ ಅನ್ನುವುದುಂಟು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮುಂದುವರಿಸಿದೆ. ಹದಿನೈದು. ಹದಿನಾರು. ಜೀರುಂಡೆ ಯಾವಾಗ ಸುಮ್ಮನಾದವೋ ಗಮನಿಸಲಿಲ್ಲ.

‘ಹದಿನೇಳಾರ್ಲೆ ನೂರಾ ಎರಡು... ಹದಿನೇಳೇಳ್ಲೆ ನೂರಾ ಹದಿನೇಳು...’

‘ನೂರಾ ಹತ್ತೊಂಬತ್ತು.’

ಬಾನೆಟ್ಟಿನ ಆಚೆಯಿಂದ ಬಂತು. ಗಟ್ಟಿಯಾಗಿ ಏನಲ್ಲ. ಬೇರೆ ಕೆಲಸ ಮಾಡುತ್ತ, ಬಗ್ಗಿಕೊಂಡು, ಲಕ್ಷ್ಯವಿಲ್ಲದವರ ಹಾಗೆ ಹೇಳುವ ದನಿ. ಅವರ ದನಿ.

‘ಮೊದಲಿಂದ ಹೇಳು.’

‘ರೀ...’ ಎಂದೆ. ಸಂದಿಯ ಬೆಳಕಿನ ಗೆರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಸ್ವಲ್ಪವೇ ಮಸುಕಾಗಿ ಮತ್ತೆ ಬೆಳಗಿತು. ಬ್ಯಾಟರಿಯ ಮುಂದೆ ಯಾರೋ ಹಾದು ಹೋದರೆ ಆಗುವ ಹಾಗೆ.

ತಲೆ ಸ್ವಲ್ಪ ತಗ್ಗಿಸಿದ್ದರೆ ಸಂದಿಯಿಂದ ಆಚೆ ಕಾಣುತ್ತಿತ್ತು. ತಗ್ಗಿಸಲಿಲ್ಲ. ಯಾರೋ ಇದ್ದಾರೆಂಬ ಹೆದರಿಕೆಯಿಂದಲ್ಲ, ಇದನ್ನು ನಂಬಿ. ಬಗ್ಗಿ ನೋಡಿ ಅಲ್ಲಿ ಯಾರೂ ಇಲ್ಲದಿದ್ದರೆ ಎಂಬ ಭಯ. ಆರು ದಿನದಿಂದ ಮಾಸ್ಕಿನ ಒಳಗಿನ ಗೊರಗೊರ ಕೇಳಿ ಕೇಳಿ ಸಾಕಾಗಿತ್ತು. ಇಲ್ಲಿ ಅವರ ದನಿ ಆರಾಮಾಗಿತ್ತು, ಉಸಿರು ಕಟ್ಟದ, ಭಾನುವಾರದ ದನಿ.

ಮೊದಲಿಂದ ಶುರು ಮಾಡಿದೆ. ಎರಡೊಂದ್ಲೆ ಎರಡು... ಆಚೆ ಏನೋ ಒರೆಸುವ ಸದ್ದು, ಆಗಾಗ ಒಂದು ಸಣ್ಣ ಕೆಮ್ಮು ಕೂಡ.

ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ಹದಿನೇಳೇಳ್ಲೆ ಬಂದಾಗ ಸರಿಯುತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಆಗಷ್ಟೇ ತಿದ್ದಿಸಿಕೊಂಡವಳಿಗೆ ಮರೆಯುತ್ತದೆಯೇ. ಆದರೂ ‘ನೂರಾ ಹದಿನೇಳು’ ಎಂದೆ. ಬೇಕೆಂದೇ ತಪ್ಪಿದೆ.

‘ನೂರಾ ಹತ್ತೊಂಬತ್ತು. ಎಷ್ಟ ಸಲ ಹೇಳಬೇಕ ನಿನಗ? ಮೊದಲಿಂದ.’

ನಗು ಬಂತು. ನಗುತ್ತ ಅತ್ತೆ. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದೆ, ‘ಈಗ ಆರಾಮ ಅನಸತೈತೇನ್ರಿ? ಉಸಿರು ಹಗುರಾಗೇತೇನು?’

‘ಮಗ್ಗಿ ಹೇಳು.’

‘ಹೇಳತೇನಿ. ಒಂದು ಮಾತು ಆಡ್ರಿ ನನ್ನ ಕೂಡ.’

‘ಮಗ್ಗಿ ಹೇಳು.’

ಅಷ್ಟೇ. ಬೇರೆ ಯಾವ ಮಾತಿಗೂ ಉತ್ತರ ಬರಲಿಲ್ಲ. ಮಗ್ಗಿಗೆ ಮಾತ್ರ. ಆಗ ಅದು ವಿಚಿತ್ರ ಅನ್ನಿಸಲಿಲ್ಲ. ಅವರು ಕೆಲಸದಲ್ಲಿದ್ದಾಗ ಹಾಗೆಯೇ ಅಲ್ಲವೇ ಎಂದುಕೊಂಡೆ.

ಮೂರನೆಯ ಸಲ ಶುರು ಮಾಡುವ ಮುಂಚೆ ತೆರೆದ ಬಾಗಿಲಿನಿಂದ ಕೈ ಚಾಚಿ ಇಂಜಿನ್ನಿನ ಮಗ್ಗುಲಿನ ತಗಡು ಮುಟ್ಟಿದೆ. ತಣ್ಣಗಿತ್ತು. ಕೈ ತೊಳೆಯುವ ನೀರಿನಷ್ಟು ತಣ್ಣಗೆ. ಇಳಿದು ನೀರು ಹಾಕಿ ಹೊರಡಬಹುದಿತ್ತು. ಹೊಲದ ಆಚೆ ಆಸ್ಪತ್ರೆಯ ದೀಪ ಕಾಣುತ್ತಲೇ ಇತ್ತು. ನಾನು ಇಳಿಯಲಿಲ್ಲ. ಮತ್ತೆ ಎರಡರಿಂದ ಹಿಡಿದು ಹದಿನೇಳರ ತನಕ ಬಂದೆ, ಮತ್ತೆ ಬೇಕೆಂದೇ ತಪ್ಪಿದೆ. ಮತ್ತೆ ತಿದ್ದಿದರು. ಹೇಳುತ್ತಿದ್ದೇನೆ, ಆ ಹೊತ್ತಿಗೆ ನನಗೆ ಸುಖವಾಗಿತ್ತು. ಮಗುವಿನ ಹಾಗೆ ತಪ್ಪು ಹೇಳಿ ತಿದ್ದಿಸಿಕೊಳ್ಳುವ ಸುಖ.

ನಾಲ್ಕನೆಯ ಸಲ ಪೂರ್ತಿ ಸುತ್ತು ಹೇಳುವ ತಾಳ್ಮೆಯೂ ಇರಲಿಲ್ಲ. ಗಡಬಡಿಸಿ ಹೇಳುತ್ತ ಹದಿನೇಳಕ್ಕೆ ಓಡಿ ಬಂದೆ. ‘ಹದಿನೇಳೇಳ್ಲೆ ನೂರಾ ಹದಿನೇಳು’ ಎಂದು ಕಾದೆ.

ಏನೂ ಬರಲಿಲ್ಲ.

‘ನೂರಾ ಹದಿನೇಳು, ರೀ’ ಎಂದೆ. ‘ತಪ್ಪೈತಿ ನೋಡ್ರಿ... ತಿದ್ರಿ...’

ಒಮ್ಮೆಲೇ ಜೀರುಂಡೆಗಳು ಕೂಗತೊಡಗಿದವು. ಆಗಲೇ ನನಗೆ, ಇಷ್ಟು ಹೊತ್ತು ಅವು ಸುಮ್ಮನಿದ್ದವು ಎಂಬುದು ಹೊಳೆದದ್ದು. ಕೈಗಡಿಯಾರ ನೋಡಿದೆ. ಎಂಟಕ್ಕೆ ಐದು ನಿಮಿಷ.

ಇಳಿದು ಮುಂದೆ ಹೋದೆ. ಯಾರೂ ಇಲ್ಲ. ಬ್ಯಾಟರಿ ನಾನು ತೂಗುಹಾಕಿದಲ್ಲೇ ತೂಗುತ್ತಿತ್ತು. ಹೋಸಿನ ಮೇಲೆ ಕೈ ಆಡಿಸಿದೆ. ಒಣಗಿತ್ತು. ಕ್ಲಿಪ್ಪಿನ ಸುತ್ತ ಒಂದು ಹನಿ ಹಸಿಯಿಲ್ಲ. ನೆಲದ ಮೇಲೂ ಇಲ್ಲ. ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದೆ. ಒಳಗೆ ಹಸಿರು ನೀರು ಬಾಯಿಯ ತನಕ ತುಂಬಿತ್ತು. ಅಷ್ಟು ಉಗಿ ಎದ್ದದ್ದು ಎಲ್ಲಿಂದ?

ಬಾನೆಟ್ಟು ಇಳಿಸಿ ಗಾಡಿ ಚಾಲೂ ಮಾಡಿದೆ. ಮುಳ್ಳು ಅರ್ಧದ ಹತ್ತಿರವೂ ಬರಲಿಲ್ಲ. ಆಸ್ಪತ್ರೆಯ ತನಕ ಹಾಗೆಯೇ ಇತ್ತು.

ಶಕುಂತಲಾ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಒಂದು ಕೈಯಲ್ಲಿ ನನ್ನ ಫೋನು. ಅವಳ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು.

‘ಎಲ್ಲಿ ಹೋಗಿದ್ದಿ ವೈನಿ...’ ಎಂದಳು. ಬೈಯುವ ದನಿಯಲ್ಲ. ಬೈದಿದ್ದರೆ ಛಲೋ ಇತ್ತು.

ಅವಳು ಅಳುತ್ತ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಹೇಳಬಲ್ಲೆ. ‘ಏಳೂಕಾಲಕ್ಕ ಒಳಗ ಕರದರು ವೈನಿ. ಅಣ್ಣಗ ಉಸಿರು ಕಡಿಮಿ ಆಗಾಕತ್ತಿತ್ತು, ಡಾಕ್ಟರು ಎಲ್ಲಾ ಮಾಡಾಕತ್ತಿದ್ದರು. ಖರೇ ಅಂದ್ರ ಅಣ್ಣ ಎಚ್ಚರಿದ್ದ. ಕಣ್ಣು ಸ್ವಚ್ಛ ಇದ್ದವು. ನನ್ನ ಕೈ ಹಿಡಕೊಂಡ. ಗಿರಿಜಾ ಬಂದ್ಲೇನು ಅಂದ. ಬರಾಕತ್ತಾಳ, ದಾರ್ಯಾಗ ಅದಾಳ ಅಂದೆ. ಎರಡ ಚಮಚ ನೀರು ಕುಡದ. ಮತ್ತ ಕೇಳಿದ, ಬಂದ್ಲೇನು ಅಂತ. ಮೂರ ಸಲ ಕೇಳಿದ ವೈನಿ. ಬಾಗಲಾ ನೋಡೂದು ಬಿಡಲೇ ಇಲ್ಲ. ಕಡೀಕ ಎಂಟಕ್ಕ ಐದ ನಿಮಿಷ ಇದ್ದಾಗ...’

ಎಂಟಕ್ಕೆ ಐದು ನಿಮಿಷ.

ಅವರ ಹತ್ತಿರ ಹೋದೆ. ಕೈ ಇನ್ನೂ ಬೆಚ್ಚಗಿತ್ತು. ಮುಖ ಬಾಗಿಲ ಕಡೆಗೇ ತಿರುಗಿತ್ತು. ನೆಟ್ಟಗೆ ಮಾಡಲು ನನಗೆ ಮನಸ್ಸಾಗಲಿಲ್ಲ, ಸಿಸ್ಟರ್ ಬಂದು ಮಾಡಿದರು.

ಮಣ್ಣು ಮಾಡಿ ಬಂದ ಮೂರನೆಯ ದಿನ ಶಕುಂತಲಾಳಿಗೆ ದಾರಿಯ ಸುದ್ದಿ ಹೇಳಿದೆ. ದನಿ ಕೇಳಿದ್ದು, ಮಗ್ಗಿ ತಿದ್ದಿದ್ದು. ನಾನು ಬೇಕೆಂದೇ ತಪ್ಪಿದ್ದನ್ನು ಮಾತ್ರ ಬಿಟ್ಟು. ಅಣ್ಣನೇ ನಿನ್ನನ್ನು ನೋಡಲು ಬಂದಿದ್ದ ಎಂದು ಅವಳು ಹೇಳಲಿ ಎಂದು ಆಸೆಪಟ್ಟಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು.

‘ಅಣ್ಣ ಹೆಂಗ ಬರತಾನ ವೈನಿ?’ ಎಂದಳು ಮೆಲ್ಲಗೆ. ‘ಅಂವಾ ಆಗ ನನ್ನ ಕೂಡ ಮಾತಾಡಾಕತ್ತಿದ್ದನಲ್ಲ. ನನ್ನ ಕೈ ಬಿಟ್ಟಿದ್ದಿಲ್ಲ.’

ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಈಗ ಅವಳೇ ನೆರೆಹೊರೆಯವರಿಗೆ, ಅಣ್ಣನೇ ಹೋಗಿ ವೈನಿಗೆ ಕಾಣಿಸಿಕೊಂಡ ಎಂದು ಹೇಳುತ್ತಾಳೆ. ನನ್ನ ಸಮಾಧಾನಕ್ಕೆ. ನಾನು ಹೂಂ ಅನ್ನುತ್ತೇನೆ.

ಮಿಸ್ತ್ರಿ ತಿಂಗಳ ನಂತರ ಬಂದು ಗಾಡಿಯ ಹೊಟ್ಟೆಯೆಲ್ಲ ತೆಗೆದು ನೋಡಿದರು. ಹೋಸ್, ಕ್ಲಿಪ್ಪು, ಫ್ಯಾನು, ಎಲ್ಲ.

‘ಎಲ್ಲೂ ಸೋರಿಲ್ಲರಿ ಅಕ್ಕಾರ. ಒಮ್ಮೆನೂ ಕಾದಿಲ್ಲ. ಕಾದಿದ್ರ ಗುರ್ತು ಇರತೈತಿ. ನಿಮಗ ಆ ಹೊತ್ತಿನ್ಯಾಗ ಮನಸಿಗೆ ಹಂಗ ಅನಿಸಿರಬೇಕು.’

ಇರಬಹುದು ಎಂದೆ. ಆದರೆ ಮುಖಕ್ಕೆ ಹೊಡೆದ ಉಗಿಯ ಕಾವು ನನಗೆ ನೆನಪಿದೆ. ಎಂಟೂ ಹತ್ತಕ್ಕೆ ಆಸ್ಪತ್ರೆಯ ಕನ್ನಡಿಯಲ್ಲಿ ನೋಡಿಕೊಂಡಾಗ ನನ್ನ ಹಣೆಯ ಕೂದಲು ಇನ್ನೂ ಒದ್ದೆ ಇದ್ದವು. ಸಿಹಿ ವಾಸನೆ ಬರುತ್ತಿತ್ತು.

ಅದು ಯಾರು, ಏನು, ನನಗೆ ಗೊತ್ತಿಲ್ಲ. ಅವರು ಬಾಗಿಲು ನೋಡುತ್ತಿದ್ದಷ್ಟು ಹೊತ್ತು ನನ್ನನ್ನು ಅಲ್ಲಿ ಕೂರಿಸಿಕೊಂಡಿತು. ಅವರು ಕಣ್ಣು ಮುಚ್ಚಿದ ಗಳಿಗೆಗೆ ಬಿಟ್ಟಿತು. ಅದನ್ನೊಂದೇ ದೂರಿ ಪ್ರಯೋಜನವಿಲ್ಲ. ಮೊದಲ ಸುತ್ತು ಮಾತ್ರ ಅದರದ್ದು. ಉಳಿದ ಮೂರೂ ಸುತ್ತು ನನ್ನವು. ಎರಡು ಮೈಲಿ ಆಚೆ ನನ್ನ ಗಂಡ ಮೂರು ಸಲ ನಾನು ಬಂದೆನೇ ಎಂದು ಕೇಳಿದರು. ನಾನು ಇತ್ತ ಅವರ ಹಾಗೆ ಮಾತಾಡುವ ಒಂದು ದನಿಗೆ ಮರುಳಾಗಿ ಕೂತಿದ್ದೆ.

ಆ ಹಿಂದಿನ ದಾರಿಗೆ ಮತ್ತೆ ಹೋಗಿಲ್ಲ. ಶಕುಂತಲಾ, ಹೆದರಿಕೆಯೇ ಎಂದು ಕೇಳುತ್ತಾಳೆ. ಹೌದು ಅನ್ನುತ್ತೇನೆ. ಯಾತರ ಹೆದರಿಕೆ ಎಂದು ಅವಳಿಗೆ ಹೇಳಿಲ್ಲ. ಅದು ಅವರಲ್ಲ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಆ ದನಿ ಇನ್ನೊಮ್ಮೆ ಕರೆದರೆ, ನಾನು ಗಾಡಿ ನಿಲ್ಲಿಸುತ್ತೇನೆ.